ಅಳು ಮರೆತ ಮಗು

ಮಹಡಿಯ ಕೋಣೆ
ಮಂಗಳವಾರ, ೧೪ನೇ ತಾರೀಖು

ನನ್ನ ಅಮ್ಮಾ,

ಸೊಂಟ ಹೇಗಿದೆ? ಮೆಟ್ಟಿಲು ಹತ್ತುತ್ತೀಯಾ? ಹತ್ತು ದಿನದಿಂದ ನೀನು ಫೋನು ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ನಾನೂ ಅವಳಿಗಳೂ ಚೆನ್ನಾಗಿದ್ದೇವೆ. ಮೊದಲು ಇದನ್ನು ಓದಿಕೋ, ಆಮೇಲೆ ಉಳಿದದ್ದು.

ಆ ದಿನ ಏನಾಯಿತೆಂದು ನಿನಗೆ ಯಾರೂ ನೆಟ್ಟಗೆ ಹೇಳಿಲ್ಲ. ಸಿಸೇರಿಯನ್ ಹೊಲಿಗೆಯ ನೋವಿಗೆ ನಾನು ಫೋನಿನಲ್ಲಿ ಅತ್ತದ್ದನ್ನು ತಡೆಯಲಾರದೆ, ನಿನ್ನ ಸೊಂಟದ ಆಪರೇಷನ್ನಿನಲ್ಲಿ ಉಳಿದಿದ್ದ ನೋವಿನ ಮಾತ್ರೆ ನೀನು ಕಳಿಸಿದೆ. ನಾನು ನುಂಗಿದೆ. ಮೊದಲ ಸಲ ಹೊಲಿಗೆಯ ಮೇಲೆ ದಿಂಬು ಒತ್ತಿಕೊಳ್ಳದೆ ಕೆಮ್ಮಿದೆ. ಆ ಸುಖ ಏನು ಹೇಳಲಿ! ದಿನಕ್ಕೆ ಮೂರು, ನಾಲ್ಕು ನುಂಗತೊಡಗಿದೆ. ಮೂರನೆಯ ದಿನ ದೊಡ್ಡವಳು ಅಳುವುದನ್ನು ನಿಲ್ಲಿಸಿದಳು. ಚಿಕ್ಕವಳಿಗೆ ಮೊಲೆ ಚೀಪಲು ಶಕ್ತಿಯಿಲ್ಲ, ಬಾಟಲಿಯಲ್ಲಿ ಪುಡಿ ಹಾಲು. ಅವಳು ಎಂದಿನಂತೆ ಕಿರುಚುತ್ತಲೇ ಇದ್ದಳು. ಒಂದೇ ತೊಟ್ಟಿಲು. ತಂಗಿಯ ಕಾಲು ಮುಖಕ್ಕೆ ಬಡಿದರೂ ಅಕ್ಕನ ರೆಪ್ಪೆ ಅಲುಗಲಿಲ್ಲ. "ಎಂಥಾ ಸಾಧು ಮಗು, ಥೇಟ್ ನನ್ನ ಹಾಗೇ" ಎಂದು ಅತ್ತೆ ಹಿಗ್ಗಿದರು.

ಮಧ್ಯಾಹ್ನ. ಕೋಣೆಯ ತುಂಬ ಬಿಸಿಲು. ದೊಡ್ಡವಳನ್ನು ಎದೆಹಾಲು ಕುಡಿಸಲು ಎತ್ತಿಕೊಂಡರೆ ಒದ್ದೆ ಟವೆಲಿನ ಹಾಗೆ ತೋಳಿನ ಮೇಲೆ ಜೋತುಬಿದ್ದಳು. ಬಾಯಿಗೆ ಬಿದ್ದ ಹಾಲು ಹಾಗೇ ಕೆನ್ನೆಗಿಳಿಯಿತು. ಅಂಗಾಲು ಉಜ್ಜಿದೆ. ಇನ್ನೂ ಹೆಸರಿಡದ ಮಗುವನ್ನು ಏನೆಂದು ಕೂಗಲಿ? ಒಂದು ಉಸಿರು ಬಂತು. ಮುಂದಿನದಕ್ಕೆ ಕಾದೆ. ಹನ್ನೆರಡರವರೆಗೆ ಎಣಿಸಿದೆ. ತುಟಿ ನೇರಳೆಗಟ್ಟಿತ್ತು, ಮುಖದಲ್ಲಿ ಮಾತ್ರ ಎಂಥದೋ ನೆಮ್ಮದಿ. ಆ ನೆಮ್ಮದಿಗೇ ನಾನು ಹೆದರಿದ್ದು, ಅಮ್ಮಾ.

ಇವರು ನಮ್ಮನ್ನು ಕೂರಿಸಿಕೊಂಡು ಆಸ್ಪತ್ರೆಗೆ ಕಾರು ಹಾರಿಸಿದರು. ನರ್ಸು ಮಗುವಿನ ಮುಖಕ್ಕೆ ಆಕ್ಸಿಜನ್ ಹಿಡಿದು, ನನ್ನ ಕಡೆ ತಿರುಗಿ, "ನೀವೇನು ನುಂಗ್ತಿದ್ದೀರಿ, ಅದನ್ನ ಹೇಳಿ" ಎಂದರು. ನೀನು ಕಳಿಸಿದ ಮಾತ್ರೆಯ ಸ್ಟ್ರಿಪ್ ತೋರಿಸಿದೆ. "ಇದು ಹಾಲಲ್ಲಿ ಇಳಿಯುತ್ತೆ. ನಿಮ್ಮ ನೋವಿನ ಜೊತೆ ಮಗು ಉಸಿರನ್ನೂ ಮಲಗಿಸಿಬಿಡುತ್ತೆ."

ಎರಡು ದಿನ ಗಾಜಿನಾಚೆ ನಿಂತಿದ್ದೆ. ಮೂರನೆಯ ಬೆಳಗ್ಗೆ ವಾರ್ಡು ಹಾರಿಹೋಗುವಂತೆ ಅತ್ತಳು. ಈಗ ಡಾಕ್ಟರು ಬರೆದುಕೊಟ್ಟ ಬೇರೆ ಮಾತ್ರೆ, ಹಾಲಿಗೆ ತೊಂದರೆಯಿಲ್ಲವಂತೆ. ನೋವು ತಲೆಯೆತ್ತುವ ಮೊದಲೇ, ಹೊತ್ತಿಗೆ ಸರಿಯಾಗಿ ನುಂಗುತ್ತೇನೆ. ಆದರೂ ಅವಳು ಮಲಗಿದರೆ ನನ್ನ ಬೆರಳು ತಾನಾಗಿ ಅವಳ ಮೂಗಿನ ಬಳಿ ಹೋಗುತ್ತದೆ.

ಅಪ್ಪನಿಗೆ ನಮಸ್ಕಾರ ಹೇಳು.

ನಿನ್ನ ಮಗಳು

ಮರೆಯುವ ಮುನ್ನ: ಇವರು ಆಸ್ಪತ್ರೆಯಿಂದ ನಿನಗೆ ಫೋನು ಮಾಡಿ, "ಮಗುನ ಕೊಲ್ಲೋಕೆ ಕಳಿಸಿದ್ರಾ?" ಎಂದದ್ದು ನನಗೆ ನಿನ್ನೆಯಷ್ಟೇ ಗೊತ್ತಾಯಿತು. ಕಳಿಸಿದವಳು ನೀನು, ಯಾರನ್ನೂ ಕೇಳದೆ ನುಂಗಿದವಳು ನಾನು. ಇವರಿಗೆ ಬರೆಯಲು ಮುಖವಿಲ್ಲ. ಭಾನುವಾರ ಬೆಳಗ್ಗೆ ನಿನ್ನನ್ನು ಕರೆತರಲು ತಾವೇ ಬರುತ್ತಾರೆ. ಬಾಗಿಲು ತೆಗಿ, ಅಮ್ಮಾ.