ಕೆಂಪು ಗುಂಡಿ

ಮೇಡಂ ಅವರಿಗೆ ನಮಸ್ಕಾರ.

ರಜೆಯಲ್ಲಿರುವವರಿಗೆ ತೊಂದರೆ ಕೊಡುತ್ತಿದ್ದೇನೆ, ಬೈಯಬೇಡಿ. ಹಳೇ ರಿಜಿಸ್ಟರಿನಲ್ಲಿ ಪುಸ್ತಕ ವಾಪಸ್ ಬಂದರೆ ಕೆಂಪು ಗೆರೆ ಎಳೆಯುತ್ತಿದ್ದೆವಲ್ಲ, ಅದೇ ಅಭ್ಯಾಸದಲ್ಲಿ ಹೊಸ ಕಂಪ್ಯೂಟರಿನಲ್ಲೂ ವಾಪಸ್ ಬಂದ ಪುಸ್ತಕಕ್ಕೆಲ್ಲ ಕೆಂಪು ಗುಂಡಿ ಒತ್ತಿದೆ. ಮೂರು ದಿನ ಒತ್ತಿದೆ.

ಇವತ್ತು ಕಂಪ್ಯೂಟರ್ ರಿಪೇರಿಗೆ ಬಂದ ಅಣ್ಣ ನೋಡಿ, "ಅಯ್ಯೋ ತಾಯಿ, ಅದು ಅಳಿಸೋ ಗುಂಡಿ! ಅರ್ಧ ಲೈಬ್ರರಿ ನುಂಗಿ ನೀರು ಕುಡಿದ್ಯಲ್ಲ!" ಎಂದು ನಕ್ಕರು.

ಸೋಮವಾರ ತಪಾಸಣೆ. ಕಂಪ್ಯೂಟರಿನಲ್ಲಿ ಇಲ್ಲದ ಪುಸ್ತಕಗಳನ್ನು ರದ್ದಿಗೆ ಹಾಕುತ್ತಾರಂತೆ. ನನ್ನನ್ನೂ ಕೆಲಸದಿಂದ ತೆಗೆಯುತ್ತಾರೋ ಏನೋ.

ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ನೀವು ರದ್ದಿಗೆ ಕೊಡಲು ಹೇಳಿದ ಆ ರಿಜಿಸ್ಟರನ್ನು ನಾನು ಕೊಡಲಿಲ್ಲ. ನನ್ನ ಅಕ್ಷರ ಇದೆಯೆಂದು ಮನೆಗೆ ಒಯ್ದೆ. ಅದರಲ್ಲಿ ಎಲ್ಲ ಪುಸ್ತಕಗಳ ಹೆಸರೂ ಇದೆ.

ದಯವಿಟ್ಟು ಭಾನುವಾರವೇ ಬನ್ನಿ. ಹೆಸರು ನಾನು ಓದುತ್ತೇನೆ, ಗುಂಡಿ ನೀವೇ ಒತ್ತಿ.

ಇಂತಿ,
ನಿಮ್ಮ ಲೈಬ್ರರಿಯ ಅಟೆಂಡರ್ ಹುಡುಗಿ