ಸರಳಿನಾಚೆಯ ಗಡಿಗೆ

ಪ್ರೀತಿಯ ಮೇಷ್ಟ್ರೇ,

ನಿಮ್ಮ ಮಾಬು ಬರೆಯುತ್ತಿದ್ದೇನೆ. ಕಾಗುಣಿತ ತಪ್ಪಿದರೆ ಕಿವಿ ಹಿಂಡಲು ನೀವಿಲ್ಲ ಎಂಬ ಧೈರ್ಯದ ಮೇಲೆ! ಬಳ್ಳಾರಿಯ ಕೌಲ್ ಬಜಾರಿನಲ್ಲಿ ಪಟಗಳಿಗೆ ಗಾಜು, ಚೌಕಟ್ಟು ಹಾಕುವ ಅಂಗಡಿ ಇಟ್ಟಿದ್ದೇನೆ. ಲಕ್ಷ್ಮಿ, ಮೆಕ್ಕಾ, ಯಾರ‍್ಯಾರದೋ ಸತ್ತ ಅಜ್ಜಂದಿರು ಎಲ್ಲ ಒಂದೇ ಗೋಡೆಯ ಮೇಲೆ. ಹೋದ ವಾರದಿಂದ ಅವರ ನಡುವೆ ನೀವೂ ಇದ್ದೀರಿ. ಸಿರುಗುಪ್ಪದ ಶಾಲೆಯಲ್ಲಿ ತೆಗೆಸಿದ್ದ ನಿಮ್ಮ ಒಂದೇ ಒಂದು ಫೋಟೋ.

ಅದನ್ನು ತಂದುಕೊಟ್ಟವನು ನಿಮ್ಮ ಮಗ ಪಂಪಾಪತಿ. "ಮಾಬಣ್ಣ, ದೊಡ್ಡ ಚೌಕಟ್ಟು ಹಾಕು. ಕುರುಗೋಡಿನ ಸಭಾದಾಗ ಸ್ಟೇಜಿನ ಮ್ಯಾಲ ಅಪ್ಪನ್ನ ಇಡಬೇಕು" ಅಂದ. ಹೌದು ಮೇಷ್ಟ್ರೇ, ಸ್ವಾತಂತ್ರ್ಯ ಬಂತು, ದೇಶದ ಮೊದಲ ಚುನಾವಣೆಯೂ ಬಂತು. ನಿಮ್ಮ ಮಗ ಮದರಾಸಿನ ಅಸೆಂಬ್ಲಿಗೆ ನಿಂತಿದ್ದಾನೆ. ನನ್ನ ಎದೆ ಉಬ್ಬಿತ್ತು, ಹೊರಗೆ ನಿಂತ ಲಾರಿಯಿಂದ ಇಳಿದವನ ಮುಖ ನೋಡುವವರೆಗೆ.

ಗಾದಿಲಿಂಗ. ಈಗ ಗಾದಿಲಿಂಗಪ್ಪನವರು. ದೇಶನೂರಿನಲ್ಲಿ ಅಕ್ಕಿ ಗಿರಣಿ, ಎರಡು ಲಾರಿ, ಮೈತುಂಬ ಖಾದಿ. ಪಂಪಾಪತಿಯ ಪ್ರಚಾರದ ಹಣ, ಪೆಟ್ರೋಲು, ಊಟ ಎಲ್ಲ ಅವನದೇ. "ನಾನೂ ನಲವತ್ತೆರಡರಾಗ ಜೈಲಿನ್ಯಾಗ ಇದ್ದೆ" ಎಂದು ಸಭೆಗಳಲ್ಲಿ ಹೇಳುತ್ತಾನಂತೆ, ಜನ ಹಾರ ಹಾಕುತ್ತಾರಂತೆ. ಜೈಲಿಗೆ ಹೋದವರೆಲ್ಲ ದೇಶಭಕ್ತರೆಂದು ನಂಬಿರುವ ಮುಗ್ಧರು ನಮ್ಮವರು. ಇವನು ಕುರುಗೋಡಿನ ದಾರಿಯಲ್ಲಿ ಬಟ್ಟೆ ಗಾಡಿ ದೋಚಿ, ಗಾಡಿಯವನ ತಲೆ ಒಡೆದು ಒಳಗೆ ಬಂದವನೆಂದು ಅವರಿಗೆ ಯಾರು ಹೇಳಬೇಕು?

ನಾವಿಬ್ಬರೂ ಜೈಲಿನಲ್ಲಿದ್ದಾಗಿನ ಆ ಮೂರು ದಿನ ನನಗೆ ಇಂದಿಗೂ ಮರೆಯಲಾಗಿಲ್ಲ. ಗಾದಿಲಿಂಗನಿಗೆ ಕರಿ ಟೋಪಿ ಕೊಟ್ಟು ಉಳಿದ ಕೈದಿಗಳ ಮೇಲೆ ಮೇಸ್ತ್ರಿ ಮಾಡಿದ್ದರು. ನೀವು ಇದ್ದಿಲಿನಲ್ಲಿ ನೆಲದ ಮೇಲೆ ಬರೆದು ಕೈದಿಗಳಿಗೆ ಅಕ್ಷರ ಕಲಿಸುತ್ತಿದ್ದಿರಿ. ಅವರು ಗೋಡೆಯ ಮೇಲಿನ ರೇಷನ್ ಪಟ್ಟಿ ಓದತೊಡಗಿದರೆ ಇವನು ಕದಿಯುವ ಜೋಳ ಬಯಲಾಗುತ್ತಿತ್ತು. ನಿಮಗೆ ಜ್ವರ ಏರಿದಾಗ ನೀರಿನ ಗಡಿಗೆಯನ್ನು ಸರಳಿನಾಚೆ, ಕೈಗೆ ಎಟುಕದಷ್ಟು ದೂರ ಇಟ್ಟ. "ಪಾಠ ಬಿಡ್ತೀನಿ ಅನ್ನು, ನೀರು ಕೊಡ್ತೀನಿ" ಅಂದ. ನೀವು ನಕ್ಕಿರಿ. "ಇನ್ನಾ ಒತ್ತಕ್ಷರ ಉಳದಾವೋ ಗಾದಿಲಿಂಗ" ಅಂದಿರಿ. ಎದುರು ಕೋಣೆಯಿಂದ ನಾನು ಗಂಟಲು ಹರಿಯುವಂತೆ ಕೂಗಿದೆ. ಯಾರು ಬಂದರು?

ಮೂರನೆಯ ದಿನ, ಉಸಿರು ನಿಲ್ಲುವ ಮುಂಚೆ ನೀವು ಹೇಳಿದ್ದು ಒಂದೇ ಮಾತು. "ಮನಿಯಾಗ ಹೇಳಬ್ಯಾಡಲೇ ಮಾಬು. ಹುಡುಗ ಸಿಟ್ಟಿನಾಗ ಬೆಳೀಬಾರ್ದು." ಹೇಳಲಿಲ್ಲ. ಬರೀ ಜ್ವರ ಅಂದೆ. ಆಗಲೇ ಹೇಳಿದ್ದರೆ ಇವತ್ತು...

ನಿನ್ನೆ ಗಾದಿಲಿಂಗ ಒಬ್ಬನೇ ಅಂಗಡಿಗೆ ಬಂದ. ನಿಮ್ಮ ಪಟದ ಮುಂದೆ ನಿಂತು ಗಾಜನ್ನು ಉಗುರಿನಿಂದ ಮೆಲ್ಲಗೆ ಬಡಿದ. "ನಾಡಿದ್ದು ಇದಕ್ಕ ಮೊದಲ್ನೇ ಹಾರ ನಂದ. ಗಾಜಿನ ಅಂಗಡಿ ಇಟ್ಟೀರಿ ಮಾಬುಸಾಬ್, ಹುಷಾರಾಗಿರ‍್ರಿ. ಜೈಲಿನ ಮಾತು ಜೈಲಿನ್ಯಾಗ ಇರ್ಲಿ." ದನಿ ಏರಿಸಲೂ ಇಲ್ಲ.

ಇವತ್ತು ಬೆಳಗಿನ ಬಸ್ಸಿಗೆ ಸಿರುಗುಪ್ಪಕ್ಕೆ ಹೋಗಿ, ನಿಮಗೆ ಕೊಟ್ಟ ಮಾತು ಮುರಿದೆ. ಕ್ಷಮಿಸಿ. ಪಂಪಾಪತಿ ಕರಪತ್ರ ಮಡಚುತ್ತಾ ಎಲ್ಲ ಕೇಳಿದ. ಬೆಚ್ಚಿಬೀಳಲಿಲ್ಲ.

"ನಂಗ ಗೊತ್ತೈತಿ, ಮಾಬಣ್ಣ. ಅವನೇ ಹೇಳ್ಯಾನ. ಲಾರಿ ಇಲ್ದ ಇಷ್ಟು ಊರು ತಿರುಗಾಕ ಆಗ್ತೈತೇನು? ಗೆದ್ದ ಮ್ಯಾಲ ನೋಡೋಣು."

"ಗಡಗೀದೂ ಹೇಳ್ಯಾನೇನೋ?"

"ಅದೂ ಹೇಳ್ಯಾನ." ಕರಪತ್ರದಿಂದ ತಲೆ ಎತ್ತಲಿಲ್ಲ.

ಸಿಟ್ಟಿನಲ್ಲಿ ಬೆಳೆಯಬಾರದು ಅಂದಿದ್ದಿರಿ. ಅವನಲ್ಲಿ ಸಿಟ್ಟು ಇಲ್ಲವೇ ಇಲ್ಲ ಮೇಷ್ಟ್ರೇ, ಒಂದು ಚೂರೂ ಇಲ್ಲ. ನನಗೆ ಭಯವಾಗಿರುವುದು ಅದಕ್ಕೇ.

ಅಂಗಡಿಗೆ ಬಂದವನೇ ನಿಮ್ಮ ಫೋಟೋ ಬಿಚ್ಚಿ ಅಂಗಿಯೊಳಗೆ ಇಟ್ಟುಕೊಂಡೆ. ಖಾಲಿ ಚೌಕಟ್ಟಿಗೆ ಬಟ್ಟೆ ಸುತ್ತಿದ್ದೇನೆ. ನಾಳೆ ಲಾರಿ ಬಂದಾಗ ಅದನ್ನು ಹಿಡಿದು ನಾನೂ ಹತ್ತುತ್ತೇನೆ. ವಾಪಸು ಬರುವಷ್ಟರಲ್ಲಿ ಅಂಗಡಿಯ ಗಾಜು ಉಳಿದಿರುವುದಿಲ್ಲ. ನಾನು ವಾಪಸು ಬರುತ್ತೇನೋ ಇಲ್ಲವೋ... ಇರಲಿ. ಕುರುಗೋಡಿನಲ್ಲಿ ಗಾದಿಲಿಂಗ ಹಾರ ಎತ್ತಿದಾಗ ಬಟ್ಟೆ ಸರಿಸುತ್ತೇನೆ. ಮೇಷ್ಟ್ರೆಲ್ಲಿ ಎಂದು ಜನ ಕೇಳಿಯೇ ಕೇಳುತ್ತಾರೆ. ಆಗ ಗಡಿಗೆಯಿಂದ ಶುರು ಮಾಡುತ್ತೇನೆ.

ನಿಮ್ಮ ಎದುರು ಕೋಣೆಯ
ಮಾಬು