ಕಿಕ್ಕರಿಗೆ ಕಟ್ಟುವ ಕೆಂಪು ಬಟ್ಟೆ

ಮಾರ್ಚ್ 9, ಸೋಮವಾರ

ಅಪ್ಪನ ಹಳೇ ಬೈಕಿನ ಎಂಜಿನ್ ಇವತ್ತು ಜಾಮ್ ಆಯಿತು.

ಆ ಬೈಕು ನಾಲ್ಕು ದಿನ ನಿಂತರೆ ಸಾಕು, ಆಯಿಲ್ ಟ್ಯಾಂಕಿನಲ್ಲಿರೋದೆಲ್ಲ ಎಂಜಿನ್ನಿನ ತಳಕ್ಕೆ ಇಳಿದುಬಿಡುತ್ತದೆ. ಅದಕ್ಕೇ ಅಪ್ಪ ಆಯಿಲ್ ಪೈಪಿಗೊಂದು ನಲ್ಲಿ ಹಾಕಿದ್ದರು. ನಲ್ಲಿ ಮುಚ್ಚಿದರೆ, ಸ್ಟಾರ್ಟ್ ಮಾಡಲು ಒದೆಯುವ ಮುಂಚೆ ಕಣ್ಣಿಗೆ ಬೀಳಲಿ ಅಂತ, ಕಿಕ್ಕರಿಗೆ ಕೆಂಪು ಬಟ್ಟೆ ಕಟ್ಟಬೇಕು, ನಲ್ಲಿ ತೆರೆದ ಮೇಲೇ ಬಿಚ್ಚಬೇಕು. ಮೂವತ್ತು ವರ್ಷದಿಂದ ನಮ್ಮ ಗ್ಯಾರೇಜಿನಲ್ಲಿ ಇದು ಅವರದೇ ಕಾನೂನು. ತಪ್ಪಿದವರ ಜನ್ಮ ಜಾಲಾಡುತ್ತಿದ್ದರು.

ಬೆಳಿಗ್ಗೆ ಬೈಕ್ ಹತ್ತಿ ಹೋದ ಅಪ್ಪ ಬೀದಿ ತುದಿಯಿಂದ ತಳ್ಳಿಕೊಂಡು ಬಂದರು. ನೋಡಿದರೆ ನಲ್ಲಿ ಮುಚ್ಚೇ ಇದೆ. ಆಯಿಲ್ ಇಲ್ಲದೆ ಪಿಸ್ಟನ್ ಕಚ್ಚಿಕೊಂಡಿದೆ.

"ನಲ್ಲಿ ತೆರೀದೆ ಬಟ್ಟೆ ಬಿಚ್ಚಿದ್ದು ಯಾರು?" ಅಂತ ಗುಡುಗಿದರು. ಈ ತಿಂಗಳು ಅವರಿಗೆ ಹೀಗೆ ಮರೆತುಹೋಗಿದ್ದು ಇದು ಮೂರನೇ ಸಲ.

"ನಾನೇ ಅಪ್ಪಾ" ಅಂದೆ.

ಅರ್ಧ ಗಂಟೆ ಬೈದರು. "ಕತ್ತೆ ಹಾಗೆ ಬೆಳೆದಿದ್ದೀಯ, ಇಷ್ಟೂ ಗೊತ್ತಾಗಲ್ವಾ?" ನಲವತ್ತೆರಡು ವರ್ಷದ ಕತ್ತೆ ತಲೆ ತಗ್ಗಿಸಿ ನಿಂತಿತ್ತು. ದನಿ ಮೊದಲಿನ ಹಾಗೇ ಇತ್ತಲ್ಲ, ಇನ್ನಷ್ಟು ಬೈಯಲಿ ಅನ್ನಿಸಿತು.

ಊಟಕ್ಕೆ ಕೂತಾಗ ಕರ್ಚೀಫಿಗೆ ಅಂತ ತಮ್ಮ ಜೇಬಿಗೆ ಕೈ ಹಾಕಿದರು. ಕೆಂಪು ಬಟ್ಟೆ ಬಂತು.

"ಇದು ಇಲ್ಲಿಗೆ ಹೇಗೆ ಬಂತು?"

"ನಾನೇ ಇಟ್ಟೆ ಅಪ್ಪಾ."

ನನ್ನ ಮುಖ ನೋಡಿದರು. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ನನ್ನ ತಟ್ಟೆಯ ಪಕ್ಕ ಇಟ್ಟರು.

"ಇನ್ಮೇಲೆ ಇದನ್ನ ನೀನೇ ಇಟ್ಕೋ ಪುಟ್ಟೀ" ಅಂದರು.

ಬೈಯಲೇ ಇಲ್ಲ.